ಮಾಟದ ಪತ್ತೇದಾರಿಗೆ ದಾಸವಾಳವೋ, ಅರಿಶಿನವೋ?

ಅಮಾವಾಸ್ಯೆಯ ಮರುದಿನ ಶಾಲೆಗೆ ಹೊರಟ ಬೆಂಗಳೂರಿನ ಮಕ್ಕಳು ನಾಲ್ಕು ರಸ್ತೆ ಕೂಡುವಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ನೋಡಿಯೇ ಇರುತ್ತಾರೆ. "ತುಳೀಬೇಡ" ಎಂದು ಕೈ ಹಿಡಿದು ಎಳೆಯುವ ದೊಡ್ಡವರೂ ಜೊತೆಗಿರುತ್ತಾರೆ. ಹಾಗಾಗಿ ಪತ್ತೇದಾರಿ ಆಟಕ್ಕೆ ಮಾಟ-ಮಂತ್ರದಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಬಸವನಗುಡಿಯ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಭಾನುವಾರ ಸೇರುವ ಮಕ್ಕಳಿಗೆ ಒಂದೇ ಕಥೆಯನ್ನು ಎರಡು ಬಗೆಯ 'ಮಾಟ' ಇಟ್ಟು ಆಡಿಸಿದೆ. ಒಂಟಿಯಾಗಿರುವ ಅಜ್ಜಿಯೊಬ್ಬರ ಬಾಗಿಲಲ್ಲಿ ರಕ್ತ ಕಾಣಿಸಿದೆ. ಅಜ್ಜಿಯೇ ಮಾಟಗಾತಿ ಎಂದು ಅಕ್ಕಪಕ್ಕದವರು ಗುಸುಗುಸು ಶುರುಮಾಡಿದ್ದಾರೆ. ನಿಜವಾಗಿ ಮಾಡಿದವರು ಯಾರು?

ಮೊದಲನೆಯದು ದಾಸವಾಳ. ಕೆಂಪು ದಾಸವಾಳದ ಎಸಳನ್ನು ಚಾಕುವಿನ ಅಲಗಿಗೆ ಚೆನ್ನಾಗಿ ತಿಕ್ಕಿ ಒಣಗಲು ಬಿಡಬೇಕು. ಅದರಲ್ಲಿ ನಿಂಬೆಹಣ್ಣು ಕೊಯ್ದರೆ ಕೆಂಪು ರಸ ಇಳಿಯುತ್ತದೆ. ಹೂವಿನ ಆಂಥೋಸಯನಿನ್ ಬಣ್ಣ ಹುಳಿಗೆ ಕೆಂಪಾಗುತ್ತದೆ, ಅಷ್ಟೇ. ಮಕ್ಕಳು ಕಿರುಚಿದ ಸದ್ದು ಕೆಳಗಿನ ಮಹಡಿಗೂ ಕೇಳಿಸಿತು. ಬೆರಗು ಹುಟ್ಟಿಸುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ಅಲಗಿನ ಮೇಲಿನ ನೇರಳೆ ಕಲೆ ಕಣ್ಣಿಗೆ ಬಿದ್ದ ಕೂಡಲೇ ಆಟ ಅಲ್ಲಿಗೇ ನಿಲ್ಲುತ್ತದೆ. 'ಹೇಗೆ' ಗೊತ್ತಾಯಿತು, 'ಯಾರು' ಗೊತ್ತಾಗಲಿಲ್ಲ. ಪೂಜೆಗೆ ದಾಸವಾಳ ಮುಟ್ಟದ ಮನೆ ನಮ್ಮಲ್ಲಿ ಯಾವುದಿದೆ? ಮಕ್ಕಳು ಕೊನೆಗೆ ಸುಮ್ಮನೆ ಒಬ್ಬರ ಮೇಲೆ ಬೆರಳು ತೋರಿಸಿದರು, ಊರವರು ಅಜ್ಜಿಯ ಕಡೆ ತೋರಿಸಿದ ಹಾಗೆಯೇ. ಅದು ನನಗೆ ಹಿಡಿಸಲಿಲ್ಲ.

ಎರಡನೆಯದು ಅರಿಶಿನ. ಬಿಳಿ ಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ ಬಾಗಿಲಿಗೆ ಪರದೆಯಾಗಿ ಕಟ್ಟಿದೆ. ಸೋಪಿನ ನೀರಿನಲ್ಲಿ ನೆನೆದ ಅಂಗೈ ಒತ್ತಿದರೆ ಕೆಂಪು ಹಸ್ತ ಮೂಡುತ್ತದೆ. ಅರಿಶಿನದ ಕರ್ಕ್ಯುಮಿನ್ ಬಣ್ಣ ಸೋಪು, ಸುಣ್ಣದಂಥ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಪುಟ್ಟ ಹುಡುಗಿಯೊಬ್ಬಳು ಪರದೆಯ ಹತ್ತಿರ ಹೋಗಿ, "ಆಂಟಿ, ಇದು ಆರತಿ ತಟ್ಟೆಯ ಓಕುಳಿ ಬಣ್ಣ. ನಮ್ಮಜ್ಜಿ ಅರಿಶಿನಕ್ಕೆ ಸುಣ್ಣ ಹಾಕ್ತಾರೆ" ಅಂದಳು. ಅಲ್ಲಿಂದ ಆಟ ಬೇರೆಯೇ ಆಯಿತು. ಅದೇ ಅರಿಶಿನ ಹಚ್ಚಿದ ಹಾಳೆಗಳನ್ನು ಒದ್ದೆ ಮಾಡಿ, ಶಂಕಿತರ ಪಾತ್ರ ಹಾಕಿದ್ದ ದೊಡ್ಡ ಮಕ್ಕಳ ಕೈಗಳನ್ನು ಒಬ್ಬೊಬ್ಬರದಾಗಿ ಒತ್ತಿಸಿದರು. ಬೀಡಾ ಅಂಗಡಿಯವನ ಕೈಗೆ ಹಾಳೆ ಕೆಂಪಾಯಿತು. ಇಸ್ತ್ರಿ ಅಂಗಡಿಯವನ ಕೈಗೂ ಕೆಂಪಾಯಿತು! ಒಬ್ಬನದು ವೀಳ್ಯದೆಲೆಯ ಸುಣ್ಣ, ಇನ್ನೊಬ್ಬನದು ತೊಳೆದು ಸರಿಯಾಗಿ ಒರೆಸದ ಸೋಪು. ಬಹಳ ಹೊತ್ತು ವಾದ ನಡೆಯಿತು. ಒಂದು ಪರೀಕ್ಷೆ ಸಾಲದು ಎಂದು ಅವರೇ ತೀರ್ಮಾನಿಸಿ, ಹಸ್ತದ ಅಗಲ, ಕಿರುಬೆರಳಿನ ಉದ್ದ ಅಳೆದು ಒಬ್ಬನನ್ನು ಬಿಟ್ಟುಕಳುಹಿಸಿದರು. ಆರೋಪ ಹೊರಿಸುವುದಕ್ಕಿಂತ ಬಿಡುಗಡೆ ಮಾಡಿದಾಗ ಅವರ ಮುಖ ಹೆಚ್ಚು ಅರಳಿತ್ತು.

ಈ ಕಾರಣಕ್ಕೇ ನನ್ನ ಓಟು ಅರಿಶಿನಕ್ಕೆ. ನಮ್ಮದೇ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ್ದನ್ನು ಆಟ ಮುಗಿದ ಮೇಲೆ ಹೇಳಿದೆ. ದೊಡ್ಡವರು ಹೀಗೆ ಮಾಡಿದ್ದು ಕೇಳಿ ಮಕ್ಕಳಿಗೆ ಹೆಮ್ಮೆ ಆಯಿತು. ವಾಮಾಚಾರದ ವಿರುದ್ಧ ಕರ್ನಾಟಕದಲ್ಲಿ 2017ರ ಕಾಯ್ದೆ ಇದೆ ಎಂಬುದು ದೊಡ್ಡ ಮಕ್ಕಳಿಗೆ ಹೊಸ ಸುದ್ದಿ.

ತನ್ನಷ್ಟಕ್ಕೆ ಹೊತ್ತಿಕೊಳ್ಳುವ ಬೆಂಕಿ ಬೇಕೆಂದು ಕೆಲವರು ಕೇಳುತ್ತಾರೆ. ಪೊಟ್ಯಾಶಿಯಂ ಪರ್ಮಾಂಗನೇಟ್ ಮೇಲೆ ಗ್ಲಿಸರಿನ್ ಬಿದ್ದರೆ ಬೆಂಕಿ ಬರುತ್ತದೆ ನಿಜ. ಆದರೆ ಯಾವಾಗ, ಎಷ್ಟು ಎಂಬುದು ಕೈಯಲ್ಲಿರುವುದಿಲ್ಲ. ಮಕ್ಕಳ ಹತ್ತಿರಕ್ಕೆ ಅದು ಬೇಡವೇ ಬೇಡ.

ಏಳೆಂಟು ವರ್ಷದವರ ಹುಟ್ಟುಹಬ್ಬಕ್ಕಾದರೆ ದಾಸವಾಳ ಸಾಕು, ಚಾಕು ಮಾತ್ರ ದೊಡ್ಡವರ ಕೈಯಲ್ಲಿರಲಿ. ಅರಿಶಿನದ ಆಟಕ್ಕೆ ಹಳೇ ಬಟ್ಟೆ ಹಾಕಿಸಿ, ಕಲೆ ಹೋಗುವುದಿಲ್ಲ. ಸುಣ್ಣ ಕಣ್ಣಿಗೆ ತಾಗಿದರೆ ಅಪಾಯ, ಆದ್ದರಿಂದ ಸೋಪಿನ ನೀರನ್ನೇ ಬಳಸಿ, ಬೀಡಾ ಅಂಗಡಿಯವನ ಪಾತ್ರಕ್ಕೂ ಅದೇ ಇರಲಿ. ಹಾಳೆಗಳನ್ನು ನೆರಳಲ್ಲಿ ಒಣಗಿಸಿ, ಆಟಕ್ಕೆ ಮೊದಲು ಒಂದರ ಮೇಲೆ ಬರೀ ನೀರು ಹಾಕಿ ನೋಡಿ. ಬಣ್ಣ ಹಳದಿಯಾಗಿಯೇ ಇರಬೇಕು.