ಎಕ್ಸ್‌-ರೇ ಕೋಣೆಯ ಹಿಂದಿನ ಕಿಟಕಿಗೆ ಐದಕ್ಕೆ ನಾಲ್ಕು

ನಾವು ತಪಾಸಣೆಗೆ ಹೋಗುವ ಹುಬ್ಬಳ್ಳಿಯ ಆಸ್ಪತ್ರೆಯ ವೈದ್ಯರನ್ನು ಹೊಗಳುವವರು ಬಹಳ ಮಂದಿ ಇದ್ದಾರೆ. ನಾನು ಹೇಳುವುದು ಅಲ್ಲಿನ ಕ್ಯಾನ್ಸರ್ ನೋಂದಣಿ ಕಿಟಕಿಯ ಬಗ್ಗೆ; ಯಾವ ಊರಿನವರಿಗೆ ಯಾವ ಕ್ಯಾನ್ಸರ್ ಬಂತೆಂದು ಲೆಕ್ಕ ಬರೆದಿಡುವ ಜಾಗ. ಎಕ್ಸ್‌-ರೇ ಕೋಣೆಯ ಹಿಂದೆ ಇದೆ; ಫಲಕವಿಲ್ಲ, ಕೂರಲು ಬೆಂಚೂ ಇಲ್ಲ. ಒಂದು ಅಂಕ ಅಲ್ಲಿಯೇ ಹೋಯಿತು.

ಮಗಳಿಗೆ ಎರಡು ವರ್ಷವಾಗಿದ್ದಾಗ ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ಅವಳ ಎಡಗಣ್ಣಿನ ಪಾಪೆ ಬೆಳ್ಳಗೆ ಹೊಳೆಯಿತು. ರೆಟಿನೋಬ್ಲಾಸ್ಟೋಮಾ, ಅಂದರೆ ಮಕ್ಕಳಿಗೆ ಬರುವ ಕಣ್ಣಿನ ಕ್ಯಾನ್ಸರ್ ಎಂದರು. ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಏಳು ತಿಂಗಳು ಚಿಕಿತ್ಸೆ ಕೊಡಿಸಿದೆವು.

ಕಿಟಕಿಯಲ್ಲಿದ್ದ ಅಕ್ಕ ಕಡತ ತಿರುವಿ, “ವಿಳಾಸ ಬೆಂಗಳೂರಿನದಿದೆಯಲ್ಲ ಅಣ್ಣಾ, ರೋಗ ಗೊತ್ತಾದಾಗ ಎಲ್ಲಿದ್ದಿರಿ? ಎಷ್ಟು ವರ್ಷದಿಂದ?” ಎಂದು ಕೇಳಿದರು. ಬ್ಯಾಡಗಿ, ಅಜ್ಜನ ಕಾಲದಿಂದ ಎಂದೆ. ಬೆಂಗಳೂರನ್ನು ಹೊಡೆದು ಬ್ಯಾಡಗಿ ಎಂದು ಬರೆದರು. ಎರಡು ತಾಸು ನಿಂತು ಕಾಲು ನೋಯುತ್ತಿತ್ತು, ಎಲ್ಲಿಯದಾದರೇನು ಎಂದು ಸಿಡುಕಿದೆ.

ಅವರು ಬೇಸರಿಸಲಿಲ್ಲ. ರೋಗಿಯನ್ನು ಲೆಕ್ಕ ಹಿಡಿಯುವುದು ವಾಸದ ಊರಿಗೆ, ಚಿಕಿತ್ಸೆ ಪಡೆದ ಊರಿಗಲ್ಲ. ಅದಕ್ಕೆ ಕನಿಷ್ಠ ಒಂದು ವರ್ಷದ ವಾಸ ಬೇಕು ಎಂದರು. ಈ ಕಾಯಿಲೆ ಹುಟ್ಟುವ 15,000ದಿಂದ 20,000 ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ವರ್ಷಕ್ಕೆ 20,000 ಹೆರಿಗೆಯಾಗುವ ಜಿಲ್ಲೆಗೆ ಒಂದೇ ಮಗು. ಆ ಒಂದೂ ಬೆಂಗಳೂರಿನ ಲೆಕ್ಕಕ್ಕೆ ಹೋದರೆ ಜಿಲ್ಲೆಯ ಪಾಲಿಗೆ ಸೊನ್ನೆ. ಮಕ್ಕಳ ಕ್ಯಾನ್ಸರಿನ ದರವನ್ನು ದೊಡ್ಡವರದರಂತೆ ಲಕ್ಷಕ್ಕಲ್ಲ, ಹತ್ತು ಲಕ್ಷಕ್ಕೆ ಇಷ್ಟು ಎಂದು ಹೇಳುವುದೂ ಅದು ಇಷ್ಟು ಅಪರೂಪ ಎಂಬುದಕ್ಕೇ.

ನಾನು ಮೆಣಸಿನಕಾಯಿ ದಲಾಲಿ. ರಾಯಚೂರು, ಬಳ್ಳಾರಿ, ಆಂಧ್ರದ ಚೀಲಗಳು ನಮ್ಮ ಮಾರುಕಟ್ಟೆಗೆ ಬರುತ್ತವೆ. ಹೊರಗೆ ಹೋಗುವಾಗ ಎಲ್ಲವೂ ಬ್ಯಾಡಗಿ ಮೆಣಸಿನಕಾಯಿಯೇ. ಆ ಅಕ್ಕ ನಮ್ಮ ಅಡತಿಯಲ್ಲಿ ಒಂದು ದಿನವೂ ಬಾಳಲಾರರು.

ಮೂರು ಕಡೆಯ ಕಾಗದಗಳಲ್ಲಿ ಮಗಳ ಹೆಸರು ಮೂರು ಬಗೆಯಾಗಿತ್ತು. ಒಂದು ಮಗು ಮೂರಾಗಬಾರದೆಂದು ಹುಟ್ಟಿದ ತಾರೀಖು, ತಂದೆಯ ಹೆಸರು, ಊರು ಎಲ್ಲವನ್ನೂ ಹೊಂದಿಸಿ ನೋಡಿದರು. ಮೊದಲು ತೋರಿಸಿದ ಒಂದು ಆಸ್ಪತ್ರೆಯವರು ‘ಕಣ್ಣಿನ ಗಡ್ಡೆ’ ಎಂದಷ್ಟೇ ಗೀಚಿದ್ದರು. ಅದು ಸಾಲದು. ಮಕ್ಕಳ ಕ್ಯಾನ್ಸರನ್ನು ವಿಂಗಡಿಸುವುದು ಮುಖ್ಯವಾಗಿ ಗಡ್ಡೆಯ ಜೀವಕೋಶದ ಬಗೆ ನೋಡಿ, 12 ಗುಂಪುಗಳಲ್ಲಿ. ಆ ಬಗೆಯನ್ನು ಹೇಳುವ ಪೆಥಾಲಜಿ ವರದಿ ಮನೆಯಲ್ಲಿ, ಟ್ರಂಕಿನ ತಳದಲ್ಲಿತ್ತು. ಅದಕ್ಕಾಗಿ ಮತ್ತೊಮ್ಮೆ ಬಸ್ ಹತ್ತಬೇಕಾಯಿತು.

ಹೋಗುವವರು ಆ ವರದಿಯನ್ನು ಮೊದಲೇ ಚೀಲಕ್ಕೆ ಹಾಕಿಕೊಳ್ಳಿ. ಒಂದರಿಂದ ಎರಡರವರೆಗೆ ಕಿಟಕಿ ಮುಚ್ಚಿರುತ್ತದೆ.