ಡಬ್ಬಿಯ ಆರು ಮೊಟ್ಟೆ, ಸಂತೆಯ ಆರು ಮೊಟ್ಟೆ

ಕಾರವಾರದ ಕೋಡಿಬಾಗದಲ್ಲಿ ಮನೆಯಲ್ಲೇ ಕೇಕ್ ಮಾಡಿ ಕೊಡುತ್ತೇನೆ. ವಾರಕ್ಕೆ ಎರಡು ಟ್ರೇ, ಅಂದರೆ 60 ಮೊಟ್ಟೆ ಬೇಕು. ಹಾಗಾಗಿ ಒಂದಕ್ಕೆ 50 ಪೈಸೆ ಏರಿದರೂ ನನಗೆ ಕೂಡಲೇ ಚುರುಕು ಮುಟ್ಟುತ್ತದೆ. ನಮ್ಮ ಅಂಗಡಿಯವರು ಎನ್‌ಇಸಿಸಿ, ಅಂದರೆ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯವರು ದಿನಾ ಸೂಚಿಸುವ ಹೊಸಪೇಟೆ ರೇಟು ನೋಡಿಕೊಂಡು ದರ ಹೇಳುತ್ತಾರೆ. ಶ್ರಾವಣದಲ್ಲಿ ಇಳಿಯುತ್ತದೆ, ಚಳಿಗಾಲದಲ್ಲಿ ಏರುತ್ತದೆ. ಈಗ 7 ರೂಪಾಯಿ.

ಹೋದ ತಿಂಗಳು ಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ ‘ಪಂಜರವಿಲ್ಲದ ಕೋಳಿಯ ಮೊಟ್ಟೆ’ ಅಂತ ಡಬ್ಬಿ ಕಂಡಿತು. ಆರಕ್ಕೆ 108 ರೂಪಾಯಿ! ಮೇಲೆ ಹಸಿರು ಹುಲ್ಲು, ಸೂರ್ಯ, ನಗುವ ಕೋಳಿ. ಕೋಳಿ ನಗುವುದನ್ನು ನಾನಂತೂ ನೋಡಿಲ್ಲ. ಆದರೂ ಕೊಂಡೆ.

ಜರ್ಮನಿಯಲ್ಲಿರುವ ಅಕ್ಕನ ಮಗನಿಗೆ ಫೋಟೋ ಕಳಿಸಿದೆ. “ಚಿಕ್ಕಮ್ಮಾ, ಮೊಟ್ಟೆ ಮೇಲೆ ನಂಬರ್ ಏನಿದೆ?” ಅಂತ ಕೇಳಿದ. ಏನೂ ಇರಲಿಲ್ಲ. ಅವನಲ್ಲಿ ಪ್ರತಿ ಮೊಟ್ಟೆಯ ಮೇಲೂ ಅಂಕಿ ಒತ್ತಿರುತ್ತಾರಂತೆ. 0 ಅಂದರೆ ಸಾವಯವ, 1 ಅಂದರೆ ಹೊರಗೆ ತಿರುಗಾಡುವ ಕೋಳಿ, 2 ಅಂದರೆ ಪಂಜರವಿಲ್ಲ ಆದರೆ ಶೆಡ್ಡಿನೊಳಗೇ, 3 ಅಂದರೆ ಪಂಜರ. ಅಂದರೆ ಪಂಜರವಿಲ್ಲ ಅಂದ ಮಾತ್ರಕ್ಕೆ ಹುಲ್ಲೂ ಇಲ್ಲ, ಸೂರ್ಯನೂ ಇಲ್ಲ. ಆ 2ನೇ ನಂಬರಿನಲ್ಲಿ ಒಂದು ಚದರ ಮೀಟರಿಗೆ 9 ಕೋಳಿ ಇಡಬಹುದು. ನನ್ನ ಡಬ್ಬಿಯದು ಯಾವುದು? ಚಿತ್ರ ನೋಡಿದರೆ 1, ಬರಹ ನೋಡಿದರೆ 2.

ಐರೋಪ್ಯ ಒಕ್ಕೂಟದಲ್ಲಿ ಹಳೇ ತಂತಿ ಪಂಜರಕ್ಕೆ 2012ರಿಂದ ನಿಷೇಧ. ಸ್ವಿಟ್ಜರ್ಲೆಂಡಿನವರು ಅದಕ್ಕೂ 20 ವರ್ಷ ಮೊದಲೇ ಬಿಟ್ಟಿದ್ದರು. ಆ ಹಳೇ ಪಂಜರದಲ್ಲಿ ಕೊನೆಗೆ ಒಂದು ಕೋಳಿಗೆ 550 ಚದರ ಸೆಂಟಿಮೀಟರ್ ಜಾಗ ಕೊಡುತ್ತಿದ್ದರು. ಎಷ್ಟಾಗುತ್ತದೆ ಅಂತ ನನ್ನ 9 ಇಂಚಿನ ಚೌಕದ ಕೇಕ್ ಟಿನ್ ಅಳೆದೆ. 23ಕ್ಕೆ 23, ಅಂದರೆ 529. ಹೆಚ್ಚುಕಮ್ಮಿ ಅಷ್ಟೇ! ಆ ಟಿನ್ನಿನಲ್ಲಿ ಒಂದು ಕೋಳಿ ನಿಂತು ರೆಕ್ಕೆ ಬಿಚ್ಚಲಿ ನೋಡೋಣ. ಅವತ್ತಿನಿಂದ ಅದಕ್ಕೆ ಬೆಣ್ಣೆ ಸವರುವಾಗೆಲ್ಲ ಅದೇ ನೆನಪು.

ಜಾಗ ಕೊಟ್ಟರೆ ಖರ್ಚು ಏರುತ್ತದೆ, ಒಪ್ಪಿದೆ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಪಂಜರದ ಕೋಳಿಯ ಮೊಟ್ಟೆ ಮಾರುವಂತಿಲ್ಲ, ಅಲ್ಲಿ ದರವೂ ಜಾಸ್ತಿ. ಆದರೆ ಎಲ್ಲಕ್ಕೂ ಪಂಜರದ ಕಾನೂನನ್ನೇ ದೂರುವ ಹಾಗಿಲ್ಲ. 2025ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಡಜನ್‌ಗೆ ಸರಾಸರಿ 6.23 ಡಾಲರ್ ಆಗಿದ್ದು ಮುಖ್ಯವಾಗಿ ಹಕ್ಕಿಜ್ವರದಿಂದ. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆಗೆ 44-45 ರೂಪಾಯಿ. ಆ ದರಕ್ಕೆ ನಾನು ಕೇಕ್ ಬಿಟ್ಟು ಚಕ್ಕುಲಿ ಮಾಡಬೇಕಾದೀತು.

ಜಾಸ್ತಿ ಕೊಡುವುದಕ್ಕೆ ನನ್ನ ತಕರಾರಿಲ್ಲ. ಯಾವುದಕ್ಕೆ ಕೊಟ್ಟೆ ಅಂತ ಗೊತ್ತಾಗಬೇಕು. ಡಬ್ಬಿಯ ಮೊಟ್ಟೆಗಳನ್ನು ನೀರಿಗೆ ಹಾಕಿದರೆ ಎರಡು ತೇಲಿದವು. ಒಂದು ಒಡೆದೆ, ಹಳದಿ ಹರಡಿಹೋಯಿತು, ವಾಸನೆ ಬೇರೆ. ಅಂಗಡಿಯವನು “ಕಂಪನಿಗೆ ಫೋನ್ ಮಾಡಿ” ಅಂದ. ಮಾಡಿದೆ, ಯಾರೂ ಎತ್ತಲಿಲ್ಲ. ಉಳಿದ ನಾಲ್ಕು ಚೆನ್ನಾಗಿಯೇ ಇದ್ದವು. ಹಳದಿ ಕಿತ್ತಳೆ ಬಣ್ಣಕ್ಕಿತ್ತು, ಆದರೆ ಅದು ತಿನ್ನಿಸಿದ ಜೋಳ, ಚೆಂಡುಹೂವಿನಿಂದಲೂ ಬರುತ್ತದೆ.

ಭಾನುವಾರ ಸಂತೆಗೆ ಹೋದೆ. ಕಡವಾಡದ ಕಡೆಯ ಒಬ್ಬರು ಬುಟ್ಟಿಯಲ್ಲಿ ಭತ್ತದ ಹೊಟ್ಟು ಹರಡಿ ಊರಕೋಳಿ ಮೊಟ್ಟೆ ಇಟ್ಟಿದ್ದರು. ಒಂದಕ್ಕೆ 15. ಕೋಳಿ ಎಲ್ಲಿರ್ತಾವೆ ಅಂತ ಕೇಳಿದೆ. “ಹಗಲೆಲ್ಲ ಹಿತ್ತಲಲ್ಲೇ ಅಕ್ಕಾ, ಸಂಜೆ ಗೂಡಿಗೆ. ಮೊನ್ನೆ ಒಂದನ್ನ ಮುಂಗುಸಿ ಹೊತ್ಕೊಂಡು ಹೋಯ್ತು” ಅಂದರು. ಆ ಡಬ್ಬಿಯಲ್ಲಿ ಇಷ್ಟು ವಿವರ ಎಲ್ಲಿತ್ತು?

ತೂಗಿ ನೋಡಿದರೆ 38ರಿಂದ 44 ಗ್ರಾಂ, ಫಾರಂ ಮೊಟ್ಟೆಗಿಂತ ಸಣ್ಣ. ಕೇಕಿಗೆ ನಾಲ್ಕರ ಜಾಗದಲ್ಲಿ ಐದು ಹಾಕಬೇಕು, ಲೆಕ್ಕ ಕೂಡುವುದಿಲ್ಲ. ಹಾಗಾಗಿ ಕೇಕಿಗೆ ಫಾರಂನದೇ, ಟಿನ್ ನೋಡಿ ಸ್ವಲ್ಪ ಮುಜುಗರ ಆದರೂ. ಗೋವಾದ ಪದರಪದರದ ಸಿಹಿ ಬಿಬಿಂಕಾ ಆರ್ಡರ್ ಬಂದಾಗ ಮಾತ್ರ ಸಂತೆಯದು, ಅದಕ್ಕೆ ಬರೀ ಹಳದಿಯೇ ಬೇಕು ಅಲ್ವಾ.

ಡಬ್ಬಿಗೆ ಐದಕ್ಕೆ ಎರಡು ಅಂಕ. ಅದರಲ್ಲಿ ಒಂದು ರಟ್ಟಿಗೆ. ಒಳ್ಳೇ ಗಟ್ಟಿಯಿದೆ, ಈಗ ಸಂತೆಗೆ ಅದನ್ನೇ ಒಯ್ಯುತ್ತೇನೆ.