ಎಂಜಿಬಿಗೆ ಎಲೆಕ್ಟ್ರಾನಿಕ್ ಪೆಟ್ರೋಲ್ ಪಂಪ್: ಮೂರು ವರ್ಷ ಬಳಸಿದ ಮೇಲೆ

ನಾನಿರೋದು ಇಂಗ್ಲೆಂಡಿನಲ್ಲಿ. ಕಾರು 1972ರ ಎಂಜಿಬಿ, ಅಂದರೆ ಎಂಜಿ ಕಂಪನಿಯ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು: 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ). ಹಳೇ ಪಾಯಿಂಟ್ಸ್ ಪಂಪ್ (ಒಳಗೆ ಎರಡು ಲೋಹದ ತುದಿಗಳು ತಾಗಿ ಬಿಟ್ಟು ಕರೆಂಟ್ ಕೊಡುವಂಥದ್ದು) ತೆಗೆದು ಅದೇ ಅಳತೆಯ ಎಲೆಕ್ಟ್ರಾನಿಕ್ ಪಂಪ್ ಹಾಕಿ ಮೂರು ವರ್ಷ ಆಯಿತು. ಪಂಪ್ ಚೆನ್ನಾಗಿದೆ. ಆದರೆ ನನ್ನ ಕಾರಿನ ಕಾಯಿಲೆಗೆ ಅದು ಮದ್ದೇ ಆಗಿರಲಿಲ್ಲ!

ಊರೊಳಗೆ ಕಾರು ಸರಿಯಾಗಿ ಓಡುತ್ತಿತ್ತು. ಮೋಟರ್‌ವೇ ಹತ್ತಿ ಅರ್ಧ ಗಂಟೆ ಆದರೆ ಮುಗ್ಗರಿಸುತ್ತಿತ್ತು. ಈ ಕಾರಿನಲ್ಲಿ ಕೀ ತಿರುಗಿಸಿದ ಕೂಡಲೇ ಪಂಪ್ ಟಕಟಕ ಅನ್ನುತ್ತದೆ, ಕಾರ್ಬುರೇಟರಿನ ಫ್ಲೋಟ್ ಬೌಲ್ (ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು) ತುಂಬಿದ ಮೇಲೆ ಸುಮ್ಮನಾಗುತ್ತದೆ. ನನ್ನದು ಸುಮ್ಮನಾಗುತ್ತಲೇ ಇರಲಿಲ್ಲ. ಪಂಪ್ ಹೋಯಿತು ಅಂದುಕೊಂಡು ಹೊಸದು ತಂದೆ. ಅದೂ ಹಾಗೇ ಟಕಟಕ.

ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಟ್ಯಾಂಕಿನ ಮುಚ್ಚಳ ತೆಗೆದು ಓಡಿಸಿ ನೋಡಿದೆ, ಗಾಳಿಕಿಂಡಿ ಕಟ್ಟಿದ್ದರೆ ಗೊತ್ತಾಗುತ್ತದೆ ಅಂತ. ಅದಲ್ಲ. ನಂತರ ಎಂಜಿನ್ ತಣ್ಣಗಿರುವಾಗ ಕಾರ್ಬುರೇಟರಿನ ಪೈಪ್ ಬಿಚ್ಚಿ ಗಾಜಿನ ಬಾಟಲಿಗೆ ಬಿಟ್ಟೆ. ಆರೋಗ್ಯವಾದ ಪಂಪ್ ಅರ್ಧ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ಕೊಡುತ್ತದೆ. ಬಂದದ್ದು ಅದರ ಅರ್ಧ, ಜೊತೆಗೆ ಗುಳ್ಳೆ. ಗುಳ್ಳೆ ಬಂತೆಂದರೆ ಪಂಪಿಗಿಂತ ಹಿಂದೆ, ಟ್ಯಾಂಕ್ ಕಡೆ, ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಅಲ್ಲಿಯ ಹಳೇ ರಬ್ಬರ್ ಹೋಸ್ ಮಡಚಿದರೆ ಸೀಳು ಕಾಣುತ್ತಿತ್ತು. ಹೊರಗೆ ಒಂದು ಹನಿ ಪೆಟ್ರೋಲ್ ಸೋರಿರಲಿಲ್ಲ, ಅದಕ್ಕೇ ಮೋಸ ಹೋದೆ. 2021ರ ಸೆಪ್ಟೆಂಬರಿನಿಂದ ಇಲ್ಲಿ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇಕಡಾ 10ರವರೆಗೆ ಎಥನಾಲ್ ಬೆರೆತದ್ದು; ಹಳೇ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ಎಥನಾಲ್ ತಡೆಯುವ ಆರ್9 ಹೋಸ್ ಹಾಕಿದೆ. ಖರ್ಚು ಪಂಪಿನ ಪಕ್ಕದಲ್ಲಿ ಏನೇನೂ ಅಲ್ಲ, ಹೊಟ್ಟೆ ಉರಿಯಿತು.

ಇನ್ನು ಪಂಪಿನ ವಿಷಯ. ಚಳಿಗಾಲದಲ್ಲಿ ಎರಡು ತಿಂಗಳು ನಿಲ್ಲಿಸಿದರೂ ಮೊದಲ ಸಲಕ್ಕೇ ಎದ್ದೇಳುತ್ತದೆ. ಹಳೆಯದರಲ್ಲಿ ಪಾಯಿಂಟ್ಸ್ ಕಪ್ಪಾಗಿ ಅಂಟಿಕೊಳ್ಳುತ್ತಿತ್ತು, ಸ್ಪ್ಯಾನರ್‌ನಿಂದ ಎರಡೇಟು ಕೊಟ್ಟರೆ ಓಡುತ್ತಿತ್ತು. ಇದು ಕೆಟ್ಟರೆ ಆ ವೈದ್ಯ ನಡೆಯುವುದಿಲ್ಲ. ಕೊಳ್ಳುವ ಮುಂಚೆ ಅರ್ತ್ ಯಾವುದು, ಅಂದರೆ ಬ್ಯಾಟರಿಯ ಯಾವ ತುದಿ ಕಾರಿನ ಬಾಡಿಗೆ ಸೇರಿದೆ, ನೋಡಿಕೊಳ್ಳಿ, ಮೊದಮೊದಲ ಎಂಜಿಬಿಗಳು ಪಾಸಿಟಿವ್ ಅರ್ತ್.

ಹಳೇ ಪಂಪಿನ ಪಾಯಿಂಟ್ಸ್ ಉಜ್ಜಿ ಡಿಕ್ಕಿಯಲ್ಲೇ ಇಟ್ಟಿದ್ದೇನೆ. ಇಲ್ಲಿಯವರೆಗೆ ಬೇಕಾಗಿಲ್ಲ.